ಮೋಟಾರು ಗಾಡಿಗಳಲ್ಲಿ ವಿದ್ಯುತ್ ತಂತಿಯ ಕಪ್ಲರು ಕೆಟ್ಟಾಗ ಮಾಡತಕ್ಕ ರಿಪೇರಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಅನುಕೂಲಸ್ಥರಾದ ಜಮೀನ್ದಾರರ ಮನೆಗಳ ಮುಂದೆ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾರೋ ಜೀಪೋ ನಿಂತಿರುವುದು ಸಾಮಾನ್ಯವಾದ ನೋಟವಾಗಿದೆ. ಈ ಗಾಡಿಗಳು ಪಟ್ಟಣವಾಸಿಗಳ ಗಾಡಿಗಳಂತೆ ಕೇವಲ ಸವಾರಿಗೆ ಮೀಸಲಾದವುಗಳಲ್ಲ. ಮುಂಗಾರಿನ ಆರಂಭದಲ್ಲಿ ಬಿತ್ತನೆ ಆಲೂಗೆಡ್ಡೆಯ ಮೂಟೆ, ಅನಂತರ ರಸಗೊಬ್ಬರದ ಚೀಲ, ಔಷಧಿ ಸಿಂಪಡಿಸುವ ಯಂತ್ರ, ಪಂಪು ಕೆಟ್ಟಾಗ ಮೋಟಾರು, ಸುಗ್ಗಿಯಲ್ಲಿ ತೆಂಗಿನಕಾಯಿ ಶುಂಠಿಗಳ ಮಾದರಿ ಚೀಲ, ಇವೆಲ್ಲವೂ ಅವುಗಳಲ್ಲಿಯೇ ಸಾಗುವುವು. ಎಂಜಿನ್ನಿನ ಎಣ್ಣೆ, ಟೈರಿನ ಗಾಳಿ, ಬ್ರೇಕು ಇವುಗಳ ವಿಷಯದಲ್ಲಿ ಯಜಮಾನರು ತಕ್ಕಷ್ಟು ಎಚ್ಚರಿಕೆಯನ್ನು ವಹಿಸುವುದು ಕಂಡುಬರುತ್ತದೆ. ಆದರೆ ವಿದ್ಯುತ್ ತಂತಿಗಳ ವಿಷಯದಲ್ಲಿ, ದೀಪ ಹತ್ತುವವರೆಗೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸಿ ಸುಮ್ಮನಿರುವವರೇ ಹೆಚ್ಚು.

ಈ ಉದಾಸೀನದಿಂದ ಒದಗಬಹುದಾದ ಕೇಡು ಎರಡು ವಿಧವಾದದ್ದು. ರಾಮನಾಥಪುರದ ತಂಬಾಕಿನ ಹರಾಜಿನಿಂದಲೋ ಹಾಸನದ ಮಾರುಕಟ್ಟೆಯಿಂದಲೋ ಕತ್ತಲಾದ ಮೇಲೆ ಹಿಂದಿರುಗುವಾಗ ತಿರುವಿನಲ್ಲಿ ಮುಂದಿನ ದೀಪಗಳೆರಡೂ ಒಮ್ಮೆಗೇ ನಂದಿಹೋದರೆ ಆಗಬಹುದಾದ ಅನಾಹುತವನ್ನು ವಿವರಿಸಬೇಕಾದುದಿಲ್ಲ. ಎರಡನೆಯದು ಬೆಂಕಿ. ಹಳ್ಳಿಗಳಲ್ಲಿ ಗಾಡಿಯನ್ನು ನಿಲ್ಲಿಸುವ ಕೊಟ್ಟಿಗೆಗೆ ಹೊಂದಿಕೊಂಡೇ ಹುಲ್ಲಿನ ಬಣವೆಯೂ ದನದ ಹಟ್ಟಿಯೂ ಇರುವುದುಂಟು. ಕರಗಿದ ಒಂದು ಹಿಡಿಯಷ್ಟಿಲ್ಲದ ಪ್ಲಾಸ್ಟಿಕ್ ತುಂಡಿನಿಂದ ಹೊರಟ ಕಿಡಿಯು ಗಾಡಿಗೇ ನಿಲ್ಲುವುದೆಂದು ನೆಚ್ಚುವಂತಿಲ್ಲ.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪ, ಹಾರನ್ನು, ಪಂಕ ಮುಂತಾದುವಕ್ಕೆ ಹೋಗುವ ದಾರಿಯಲ್ಲಿ ತಂತಿಗಳನ್ನು ಬೇಕಾದಾಗ ಬಿಚ್ಚಿ ಬೇಕಾದಾಗ ಕೂಡಿಸುವುದಕ್ಕೆ ಅನುಕೂಲವಾಗುವಂತೆ ಅಲ್ಲಲ್ಲಿ ಸಂದುಗಳನ್ನು ಇಟ್ಟಿರುವರು. ಇವುಗಳಿಗೆ ಕನೆಕ್ಟರ್ ಎಂದು ಹೆಸರು. ಗ್ಯಾರೇಜಿನ ಕೆಲಸಗಾರರು ಸಾಮಾನ್ಯವಾಗಿ ಕಪ್ಲರ್ ಎನ್ನುವರು. ಬಲ್ಬಿನ ಹಿಂಭಾಗಕ್ಕೆ ಸಿಕ್ಕಿಸುವುದನ್ನು ಹೋಲ್ಡರ್ ಎನ್ನುವುದೂ ಉಂಟು. ಹೊರಗೆ ಪ್ಲಾಸ್ಟಿಕ್ಕಿನ ಗೂಡು, ಒಳಗೆ ಹಿತ್ತಾಳೆಯ ತಗಡಿನಿಂದ ಮಾಡಿದ ಟರ್ಮಿನಲ್ಲುಗಳು. ಒಂದು ಕಡೆಯದು ನಾಲಗೆಯಂತೆ ಚಪ್ಪಟೆಯಾಗಿಯೂ ಇನ್ನೊಂದು ಕಡೆಯದು ಅದನ್ನು ಎರಡೂ ಪಕ್ಕದಿಂದ ಬಿಗಿಯಾಗಿ ಕಚ್ಚಿಕೊಳ್ಳುವಂತೆ ಮಡಿಸಿದ್ದಾಗಿಯೂ ಇರುವುದು. ಈ ಕಚ್ಚಿಕೊಳ್ಳುವ ಬಿಗಿಯೇ ಕಪ್ಲರಿನ ಜೀವಾಳ. ಅದು ಸಡಿಲವಾದರೆ ಹೊರಗಿನ ಗೂಡು ಎಷ್ಟು ಅಂದವಾಗಿದ್ದರೂ ಪ್ರಯೋಜನವಿಲ್ಲ.

ನಾಲೆಯ ತೂಬಿಗೆ ಕಸ ಕಟ್ಟಿಕೊಂಡಾಗ ನೀರು ತಡೆಯುವಂತೆ, ಸಡಿಲವಾದ ಅಥವಾ ಕಿಲುಬು ಹಿಡಿದ ಸಂದಿನಲ್ಲಿ ವಿದ್ಯುತ್ತಿಗೆ ತಡೆಯುಂಟಾಗುವುದು. ವ್ಯತ್ಯಾಸವೇನೆಂದರೆ, ತಡೆದ ನೀರು ಹಿಂದಕ್ಕೆ ನಿಲ್ಲುವುದು. ತಡೆದ ವಿದ್ಯುತ್ತು ಅಲ್ಲಿಯೇ ಕಾವಾಗಿ ಪರಿಣಮಿಸುವುದು. ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ೧೨ ವೋಲ್ಟಿನ ಗಾಡಿಯಲ್ಲಿ ೬೦ ವಾಟಿನ ಮುಂದೀಪವೊಂದಕ್ಕೆ ಸುಮಾರು ೫ ಆಂಪಿಯರು ವಿದ್ಯುತ್ತು ಹರಿಯುವುದು. ಕಪ್ಲರಿನಲ್ಲಿ ಒಂದು ಓಮಿನ ಐದರಲ್ಲೊಂದು ಭಾಗದಷ್ಟು ತಡೆ ಹುಟ್ಟಿಕೊಂಡರೆ, ಹೆಚ್ಚುಕಡಮೆ ೧ ವೋಲ್ಟು ಅಲ್ಲಿಯೇ ನಷ್ಟವಾಗಿ, ೫ ವಾಟಿನಷ್ಟು ಕಾವು ಉಗುರಿಗಿಂತ ಚಿಕ್ಕದಾದ ತಗಡಿನ ಮೇಲೆ ಏರುವುದು. ದೀಪಕ್ಕೆ ಸೇರಬೇಕಾದ ಒತ್ತಡದಲ್ಲಿ ಹನ್ನೆರಡರಲ್ಲೊಂದು ಪಾಲು ಕಡಮೆಯಾದರೆ ಬೆಳಕು ಸುಮಾರು ಕಾಲುಭಾಗ ಕುಗ್ಗುವುದು. ಇಷ್ಟಕ್ಕೇ ನಿಲ್ಲುವುದಿಲ್ಲ. ಕಾವಿನ ದೆಸೆಯಿಂದ ಹಿತ್ತಾಳೆಯ ತಗಡು ತನ್ನ ಸ್ಪ್ರಿಂಗಿನ ಗುಣವನ್ನು ಕಳೆದುಕೊಳ್ಳುವುದು, ಹಿಡಿತ ಇನ್ನೂ ಸಡಿಲವಾಗುವುದು, ತಡೆ ಹೆಚ್ಚುವುದು, ಕಾವೂ ಹೆಚ್ಚುವುದು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಬಡ್ಡಿ ಏರುವಂತೆ ಇದೂ ಏರುತ್ತ ಹೋಗಿ ಕೊನೆಗೆ ಗೂಡು ಕರಗುವುದು.

ಫ್ಯೂಸು ಇರುವಾಗ ಹೀಗೆ ಹೇಗಾದೀತೆಂದು ಅನೇಕರು ಕೇಳುವುದುಂಟು. ಫ್ಯೂಸು ಸುಡುವುದು ವಿದ್ಯುತ್ತಿನ ಹರಿವು ಮಿತಿಮೀರಿದಾಗ ಮಾತ್ರ. ಸಡಿಲವಾದ ಸಂದಿನಲ್ಲಿ ಹರಿವು ಹೆಚ್ಚುವುದಿಲ್ಲ. ವಾಸ್ತವವಾಗಿ ಸ್ವಲ್ಪ ಕಡಮೆಯೇ ಆಗುವುದು. ಆದಕಾರಣ ಕಪ್ಲರು ಕಣ್ಣೆದುರಿಗೇ ಕರಗುತ್ತಿದ್ದರೂ ಫ್ಯೂಸು ಕ್ಷೇಮವಾಗಿ ಕುಳಿತಿರುವುದು. ಈ ಒಂದು ವಿಷಯವನ್ನು ತಿಳಿಯದೆ ಫ್ಯೂಸನ್ನೇ ನಂಬಿ ಕೆಟ್ಟವರು ಬಹಳ ಮಂದಿ.

ಈ ಪ್ರಾಂತ್ಯದಲ್ಲಿ ಕಪ್ಲರುಗಳು ಬೇಗ ಕೆಡುವುದಕ್ಕೆ ಕೆಲವು ವಿಶೇಷ ಕಾರಣಗಳುಂಟು. ಮೊದಲನೆಯದು ಬಲ್ಬಿನ ಆಸೆ. ಬೆಳಕು ಸಾಲದೆಂದು ೬೦/೫೫ ವಾಟಿನ ಬಲ್ಬನ್ನು ತೆಗೆಸಿ ೧೦೦/೯೦ ವಾಟಿನದನ್ನು ಹಾಕಿಸುವ ರೂಢಿ ಇದೆ. ಸಂದಿನ ತಡೆ ಅಷ್ಟೇ ಇದ್ದರೂ ಹೀಗೆ ಮಾಡಿದಾಗ ಅಲ್ಲಿ ಹುಟ್ಟುವ ಕಾವು ಸುಮಾರು ಎರಡೂವರೆ ಪಟ್ಟಾಗುವುದು. ಎದುರಿನಿಂದ ಬರುವವನ ಕಣ್ಣು ಕುಕ್ಕಿ ಅವನು ತಮ್ಮ ಮೇಲೆಯೇ ಬರುವ ಅಪಾಯವನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು. ಬೆಳಕು ಕಡಮೆಯೆಂದು ತೋರಿದಲ್ಲಿ ಮೊದಲು ಕಪ್ಲರನ್ನೂ ದೀಪದ ಗಾಜನ್ನೂ ಪರೀಕ್ಷಿಸುವುದೇ ಯುಕ್ತ. ಬಹುತೇಕ ಸಂದರ್ಭಗಳಲ್ಲಿ ಹಳೆಯ ಬಲ್ಬೇ ಸಾಕಾಗುವುದು.

ಎರಡನೆಯದು ತೇವ. ಹೇಮಾವತಿಯ ನಾಲೆಗಳ ಕೆಳಗಿನ ಬಯಲುಗಳಲ್ಲಿ ಕೆಸರು ತುಳಿದು ಬಂದ ಗಾಡಿಯನ್ನು ಪಂಪಿನ ನೀರು ಬಿಟ್ಟು ತೊಳೆಯುವಾಗ ಬಾನೆಟ್ಟಿನ ಒಳಕ್ಕೂ ರಭಸವಾಗಿ ಹೊಡೆಯುವರು. ಕಪ್ಲರಿನ ಹಿಂದಿರುವ ರಬ್ಬರು ಬಳೆ ಮಳೆಯ ಹನಿಯನ್ನು ತಡೆದೀತೇ ಹೊರತು ಪಂಪಿನ ಧಾರೆಯನ್ನು ತಡೆಯಲಾರದು.

ಮೂರನೆಯದನ್ನು ಮೆಕ್ಯಾನಿಕ್ಕುಗಳು ಸಹ ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅದು ರಸಗೊಬ್ಬರ. ಯೂರಿಯ, ಪೊಟ್ಯಾಷು ಮುಂತಾದ ಗೊಬ್ಬರಗಳು ಗಾಳಿಯ ತೇವವನ್ನು ಹೀರಿ ನೀರೊಡೆಯುವುವೆಂಬುದು ಚೀಲ ಬಿಚ್ಚಿಟ್ಟ ರೈತರೆಲ್ಲರಿಗೂ ಗೊತ್ತಿರುವ ಸಂಗತಿ. ಹರಿದ ಚೀಲದಿಂದ ಗಾಡಿಯ ಹಿಂಭಾಗದಲ್ಲಿ ಉದುರಿದ ಗೊಬ್ಬರವು ಹೀಗೆ ಕರಗಿ ಹಿಂದಿನ ದೀಪಗಳ ತಂತಿಯವರೆಗೂ ಇಳಿಯುವುದು. ಯೂರಿಯವು ಕೊಳೆತಾಗ ಹುಟ್ಟುವ ಅಮೋನಿಯವಂತೂ ತಾಮ್ರ ಹಿತ್ತಾಳೆಗಳಿಗೆ ಹಗೆಯಂತಿರುವ ವಸ್ತು. ಹಿತ್ತಾಳೆಯ ಟರ್ಮಿನಲ್ಲು ಅದರ ದೆಸೆಯಿಂದ ಕೂದಲೆಳೆಯಂತೆ ಬಿರುಕುಬಿಟ್ಟು ಮುರಿಯುವುದೂ ಉಂಟು. ಮೈಲುತುತ್ತದ ಬಣ್ಣದ ಹಸಿರುನೀಲಿ ಹುಡಿ ಕಪ್ಲರಿನೊಳಗೆ ಕಂಡರೆ ಅದು ತಾಮ್ರವೇ ಸವೆದು ಆದ ಕಿಲುಬೆಂದು ತಿಳಿಯಬೇಕು. ಗೊಬ್ಬರವನ್ನು ಕಾರಿನಲ್ಲಿ ಸಾಗಿಸಲೇಬೇಕಾಗಿ ಬಂದಲ್ಲಿ ಕೆಳಗೆ ಗಟ್ಟಿಯಾದ ತಾರ್ಪಾಲನ್ನು ಹಾಸಿ, ಇಳಿಸಿದ ದಿನವೇ ಗುಡಿಸಿಬಿಡುವುದು ಒಳ್ಳೆಯದು.

ಇಲಿಗಳ ವಿಷಯವನ್ನು ಕೊನೆಯಲ್ಲಿ ಹೇಳಲಾಗಿದೆ.

ಕೆಟ್ಟ ಕಪ್ಲರನ್ನು ಗುರುತಿಸುವುದು ಕಷ್ಟವಲ್ಲ. ದೀಪವೊಂದು ಮಂಕಾಗಿ ಉರಿಯುವುದು, ಹಳ್ಳಕ್ಕೆ ಬಿದ್ದಾಗ ಆರಿ ಮತ್ತೆ ಹತ್ತುವುದು, ಬಾನೆಟ್ಟನ್ನು ಎತ್ತಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಬಿಳಿಯ ಗೂಡು ಕಂದುಬಣ್ಣಕ್ಕೆ ತಿರುಗಿರುವುದು, ತಂತಿಯ ಹೊದಿಕೆ ಗಡುಸಾಗಿ ಬಾಗಿಸಿದರೆ ಬಿರಿಯುವುದು ಇವೆಲ್ಲ ಲಕ್ಷಣಗಳು. ದೀಪಗಳನ್ನು ಹತ್ತು ನಿಮಿಷ ಉರಿಯಬಿಟ್ಟು, ಎಂಜಿನ್ನಿನ ಬಿಸಿ ತಾಗದಂಥ ಕಡೆಯಲ್ಲಿರುವ ಕಪ್ಲರನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಿದರೆ, ಒಳ್ಳೆಯದು ಉಗುರುಬೆಚ್ಚಗಿರುವುದು. ಕೆಟ್ಟದ್ದು ಕೈ ಚುರುಗುಟ್ಟಿಸುವುದು. ಮಲ್ಟಿಮೀಟರ್ ಎಂಬ ಅಳತೆಯ ಸಾಧನವು ಪಂಪುಸೆಟ್ಟು ರಿಪೇರಿ ಮಾಡುವವರೆಲ್ಲರಲ್ಲಿಯೂ ಇರುತ್ತದೆ. ದೀಪ ಉರಿಯುತ್ತಿರುವಾಗ ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ತಲೆಗೂ ಇನ್ನೊಂದನ್ನು ಬಲ್ಬಿನ ಹಿಂದಿನ ಪ್ಲಸ್ ಟರ್ಮಿನಲ್ಲಿಗೂ ಮುಟ್ಟಿಸಿದರೆ ದಾರಿಯಲ್ಲಿ ಎಷ್ಟು ವೋಲ್ಟು ನಷ್ಟವಾಗುತ್ತಿದೆಯೆಂಬುದು ಕೂಡಲೇ ತೋರುವುದು. ಅರ್ಧ ವೋಲ್ಟನ್ನು ಮೀರಿದರೆ ಎಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. ಅರ್ಥ್ ತಂತಿಯ ಕಡೆಯನ್ನೂ ಇದೇ ರೀತಿಯಲ್ಲಿ ಬ್ಯಾಟರಿಯ ಮೈನಸ್ ತಲೆಯಿಂದ ಅಳೆಯತಕ್ಕದ್ದು. ಅರ್ಧಕ್ಕೆ ಅರ್ಧ ತೊಂದರೆಗಳು ಇರುವುದು ಈ ಅರ್ಥ್ ಕಡೆಯಲ್ಲಿಯೇ. ಆದರೂ ಎಲ್ಲರೂ ಹುಡುಕುವುದು ಪ್ಲಸ್ ಕಡೆಯಲ್ಲಿ.

ಹೊಳೆನರಸೀಪುರದ ಕಡೆಯ ಜಮೀನ್ದಾರರೊಬ್ಬರ ಕಾರಿನಲ್ಲಿ ಎಡಗಡೆಯ ಮುಂದೀಪದ ಹೋಲ್ಡರು ಕರಗಿ ಬಲ್ಬಿನ ನಾಲಗೆಗೆ ಅಂಟಿಕೊಂಡಿದೆಯೆಂದು ಇಟ್ಟುಕೊಳ್ಳಬಹುದು. ಇಂಥ ಸಂದರ್ಭದಲ್ಲಿ ಕೆಲವರು ವೈರಿಂಗನ್ನು ಪೂರ್ತಿಯಾಗಿ ಬದಲಾಯಿಸಬೇಕೆಂದು ಹೇಳಿ ಯಜಮಾನರನ್ನು ಹೆದರಿಸುವರು. ಇನ್ನು ಕೆಲವರು ತಂತಿಯ ತುದಿಯನ್ನು ಬಲ್ಬಿನ ನಾಲಗೆಗೇ ಸುತ್ತಿ ಟೇಪು ಹಾಕಿ ಕಳುಹಿಸುವರು. ಮೊದಲನೆಯದು ಅನಾವಶ್ಯಕ, ಎರಡನೆಯದು ಅಪರಾಧಕ್ಕೆ ಸಮಾನ. ಮಾಡಬೇಕಾದ ಕೆಲಸವು ಒಂದು ಗಂಟೆಯದು, ಹೊಸ ಹೋಲ್ಡರಿನ ಬೆಲೆಯೂ ಪೂರ್ತಿ ವೈರಿಂಗಿನ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಮೊಟ್ಟಮೊದಲು ಗಾಡಿಯನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು, ಎಂಜಿನ್ನು ಆರುವವರೆಗೆ ಕಾಯತಕ್ಕದ್ದು. ಬೆರಳಿನ ಉಂಗುರವನ್ನೂ ಮುಂಗೈಯ ಲೋಹದ ಗಡಿಯಾರವನ್ನೂ ತೆಗೆದಿಡಬೇಕು. ಅನಂತರ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚತಕ್ಕದ್ದು. ಪ್ಲಸ್ ತಂತಿಯನ್ನು ಮೊದಲು ಬಿಚ್ಚುವುದು ತಪ್ಪು. ಏಕೆಂದರೆ ಗಾಡಿಯ ಮೈಯೆಲ್ಲ ಮೈನಸ್ಸಿಗೆ ಕೂಡಿಕೊಂಡಿರುವುದರಿಂದ, ಪ್ಲಸ್ಸಿನ ಮೇಲಿರುವ ಸ್ಪ್ಯಾನರು ತಪ್ಪಿ ಮೈಗೆ ತಗುಲಿದರೆ ಭಾರಿ ಕಿಡಿ ಹಾರುವುದು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲವು ಆ ಕಿಡಿಗೆ ಹೊತ್ತಿಕೊಂಡು ಬ್ಯಾಟರಿಯೇ ಸಿಡಿಯಬಹುದು. ಬೀಡಿ ಸಿಗರೇಟು ಹತ್ತಿಸಿಕೊಂಡು ಈ ಕೆಲಸಕ್ಕೆ ಕೈಹಾಕಕೂಡದೆಂಬುದನ್ನು ಇದೇ ಕಾರಣದಿಂದ ಹೇಳಬೇಕಾಗಿದೆ.

ತಂತಿಗಳನ್ನು ಕತ್ತರಿಸುವ ಮೊದಲು ಯಾವ ಬಣ್ಣದ ತಂತಿ ಯಾವ ಕಿಂಡಿಗೆ ಹೋಗಿದೆಯೆಂಬುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು, ಅಥವಾ ಮೊಬೈಲಿನಿಂದ ಚಿತ್ರ ತೆಗೆದುಕೊಳ್ಳಬೇಕು. ಮುಂದೀಪದ ಹೋಲ್ಡರಿನಲ್ಲಿ ಮೂರು ತಂತಿಗಳು ಇರುವುದು ಸಾಮಾನ್ಯ: ದೂರದ ಬೆಳಕಿಗೊಂದು, ಹತ್ತಿರದ ಬೆಳಕಿಗೊಂದು, ಅರ್ಥಿಗೊಂದು. ಬಣ್ಣಗಳು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆಯಾಗಿರುವುದರಿಂದ ನೆರೆಯವರ ಗಾಡಿಯನ್ನು ನೋಡಿ ಊಹಿಸುವುದು ತರವಲ್ಲ. ಗೂಡನ್ನು ಬಿಡಿಸುವಾಗ ಅದರ ಪಕ್ಕದ ಚಿಕ್ಕ ಕೊಂಡಿಯನ್ನು ಒತ್ತಿ ಗೂಡನ್ನೇ ಹಿಡಿದು ಎಳೆಯಬೇಕು. ತಂತಿಯನ್ನು ಹಿಡಿದು ಎಳೆದರೆ ಒಳಗಿನ ಟರ್ಮಿನಲ್ಲು ಕಿತ್ತುಬರುವುದು.

ಬಿಡಿಸಿದ ಮೇಲೆ ದೋಷದ ಪ್ರಮಾಣವನ್ನು ನೋಡಿ ತೀರ್ಮಾನಿಸತಕ್ಕದ್ದು. ಬರಿಯ ಧೂಳು ಅಥವಾ ತೆಳುವಾದ ಕಿಲುಬು ಮಾತ್ರ ಇದ್ದಲ್ಲಿ, ಇದಕ್ಕೆಂದೇ ದೊರೆಯುವ ಕಾಂಟ್ಯಾಕ್ಟ್ ಕ್ಲೀನರ್ ಎಂಬ ದ್ರವವನ್ನು ಸಿಂಪಡಿಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗುವಂತೆ ಇದನ್ನೂ ಬೆಳಗಬಹುದೆಂದು ಕೆಲವರ ಯೋಚನೆ. ಹಂಡೆಯನ್ನು ಬೆಳಗಿದ ಮೇಲೆ ನೀರಿನಿಂದ ಚೆನ್ನಾಗಿ ತೊಳೆಯುವರು. ಕಪ್ಲರಿನ ಸಂದುಗೊಂದುಗಳಲ್ಲಿ ಉಳಿದ ಹುಳಿಯನ್ನು ತೊಳೆಯುವ ಬಗೆಯಿಲ್ಲ, ಅದು ಅಲ್ಲಿಯೇ ಕುಳಿತು ಲೋಹವನ್ನು ತಿನ್ನುತ್ತಿರುವುದು. ಉಪ್ಪುಕಾಗದದಿಂದ ಬಲವಾಗಿ ಉಜ್ಜುವುದೂ ಸಲ್ಲದು. ಮೇಲಿನ ತವರದ ಲೇಪವು ಹೋಗಿ ಮುಂದೆ ಇನ್ನೂ ಬೇಗ ಕಿಲುಬು ಹಿಡಿಯುವುದು. ಗೂಡು ಚೆನ್ನಾಗಿದ್ದು ಟರ್ಮಿನಲ್ಲು ಮಾತ್ರ ಸಡಿಲವಾಗಿದ್ದರೆ, ಗೂಡಿನ ಮುಂಭಾಗದಿಂದ ತೆಳ್ಳನೆಯ ಸೂಜಿಯನ್ನು ತೂರಿಸಿ ಅದರ ಮುಳ್ಳನ್ನು ಒತ್ತಿ ಹಿಂದಕ್ಕೆ ಎಳೆದು ಹೊಸ ಟರ್ಮಿನಲ್ಲನ್ನು ಹಾಕಬಹುದು. ಗೂಡೇ ಕರಗಿದ್ದಲ್ಲಿ ಅದನ್ನು ಉಳಿಸುವ ಪ್ರಯತ್ನವೇ ಬೇಡ. ಮೋಟಾರು ಸಾಮಾನಿನ ಅಂಗಡಿಗಳಲ್ಲಿ ತಂತಿಯ ಸಮೇತವಾಗಿ ಹೊಸ ಹೋಲ್ಡರುಗಳು ದೊರೆಯುತ್ತವೆ. ಪಿಂಗಾಣಿಯವೂ ಉಂಟು, ಅವು ಕಾವಿಗೆ ಕರಗುವುದಿಲ್ಲ. ಬಲ್ಬಿನ ನಾಲಗೆಗಳು ಕಪ್ಪಾಗಿದ್ದರೆ ಬಲ್ಬನ್ನೂ ಬದಲಾಯಿಸತಕ್ಕದ್ದು. ಇಲ್ಲದಿದ್ದರೆ ಕೆಟ್ಟ ನಾಲಗೆಯು ಹೊಸ ಹೋಲ್ಡರನ್ನೂ ತನ್ನ ದಾರಿಗೆ ತಂದುಕೊಳ್ಳುವುದು. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಸುಟ್ಟುಹೋಗುವುದು.

ಹಳೆಯ ತಂತಿಯನ್ನು ಎಲ್ಲಿ ಕತ್ತರಿಸಬೇಕೆಂಬುದು ಮುಖ್ಯವಾದ ಪ್ರಶ್ನೆ. ಕರಗಿದ ಗೂಡಿನ ಬುಡಕ್ಕೇ ಕತ್ತರಿಸಿದರೆ ಸಾಲದು. ಹೊದಿಕೆಯನ್ನು ಬಿಡಿಸಿ ನೋಡಿದಾಗ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದರೆ ಅಲ್ಲಿ ಹಾಕಿದ ಸಂದು ನಿಲ್ಲುವುದಿಲ್ಲ. ಗಿಡದ ಒಣಗಿದ ಕೊಂಬೆಯನ್ನು ಹಸಿ ತಿರುಳು ಕಾಣುವವರೆಗೆ ಸವರುವಂತೆ, ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು. ಮೂರು ತಂತಿಗಳ ಸಂದುಗಳೂ ಒಂದೇ ಕಡೆ ಬಾರದಂತೆ ಒಂದೊಂದನ್ನು ಒಂದೆರಡು ಅಂಗುಲ ಹಿಂದುಮುಂದಾಗಿ ಕತ್ತರಿಸಿದರೆ, ಸಂದುಗಳು ಗಂಟಾಗಿ ಒಂದಕ್ಕೊಂದು ತಗುಲುವ ಭಯವಿರುವುದಿಲ್ಲ. ಎಲ್ಲವನ್ನೂ ಒಮ್ಮೆಗೇ ಕತ್ತರಿಸದೆ, ಒಂದನ್ನು ಕತ್ತರಿಸಿ ಅದನ್ನು ಕೂಡಿಸಿದ ಮೇಲೆ ಮತ್ತೊಂದಕ್ಕೆ ಹೋಗುವುದು ಮರೆವಿಗೆ ಒಳ್ಳೆಯ ಔಷಧ. ತಂತಿ ಸಾಲದೆ ಬಂದಲ್ಲಿ ಸೇರಿಸುವ ತುಂಡು ಹಳೆಯದರಷ್ಟೇ ದಪ್ಪವಾಗಿ ಅಥವಾ ಅದಕ್ಕಿಂತ ದಪ್ಪವಾಗಿ ಇರಬೇಕು. ಮನೆಯ ವೈರಿಂಗಿಗೆ ಉಪಯೋಗಿಸುವ ಒಂಟಿ ಎಳೆಯ ಗಡುಸು ತಂತಿಯನ್ನು ಗಾಡಿಗೆ ಹಾಕಕೂಡದು. ಗಾಡಿಯ ಅಲುಗಾಟಕ್ಕೆ ಅದು ಮುರಿಯುವುದು.

ಎರಡು ತುದಿಗಳನ್ನು ಕೂಡಿಸುವ ಮೊದಲೇ, ಕಾಯಿಸಿದರೆ ಕುಗ್ಗುವ ಸ್ಲೀವನ್ನು ತಂತಿಯ ಒಂದು ಕಡೆಗೆ ಏರಿಸಿಟ್ಟುಕೊಳ್ಳಬೇಕು. ಇದನ್ನು ಮರೆತು, ಕೂಡಿಸಿ ಮುಗಿಸಿದ ಮೇಲೆ ನೆನೆಸಿಕೊಂಡು ಮತ್ತೆ ಬಿಚ್ಚದ ಕೆಲಸಗಾರರು ಅಪರೂಪ. ತುದಿಗಳ ಹೊದಿಕೆಯನ್ನು ಎಳೆಗಳು ಕತ್ತರಿಸದಂತೆ ಸುಮಾರು ೮ ಮಿಲಿಮೀಟರಿನಷ್ಟು ಸುಲಿದು, ತಾಮ್ರದ ಕೊಳವೆಯಂಥ ಸಂದುತುಂಡಿನೊಳಕ್ಕೆ ಎರಡು ಕಡೆಯಿಂದಲೂ ತೂರಿಸಿ ಕ್ರಿಂಪಿಂಗ್ ಇಕ್ಕಳದಿಂದ ಅದುಮಬೇಕು. ಸಾಧಾರಣವಾದ ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿದ್ದು ಕ್ರಿಂಪಲ್ಲ. ಸರಿಯಾಗಿ ಅದುಮಿದಾಗ ತಾಮ್ರದ ಎಳೆಗಳೂ ಕೊಳವೆಯೂ ಒಂದೇ ಗಟ್ಟಿಯಂತಾಗಿ ನಡುವೆ ಗಾಳಿಗೆ ಎಡೆಯಿರುವುದಿಲ್ಲ. ಅನಂತರ ಎರಡು ಕಡೆಯನ್ನೂ ಹಿಡಿದು ಬಲವಾಗಿ ಎಳೆದು ನೋಡಬೇಕು; ಬಿಟ್ಟುಬಂದರೆ ದಾರಿಯಲ್ಲಿ ಬಿಟ್ಟುಬರುವುದಕ್ಕಿಂತ ಮನೆಯಲ್ಲಿ ಬಿಟ್ಟುಬಂದದ್ದೇ ಲೇಸು.

ಬೆಸುಗೆ ಹಾಕುವುದು ಉತ್ತಮವೋ ಅದುಮುವುದು ಉತ್ತಮವೋ ಎಂಬ ಚರ್ಚೆ ಹಳೆಯದು. ರೇಡಿಯೋ ಮುಂತಾದ ಅಲುಗಾಡದ ವಸ್ತುಗಳಿಗೆ ಬೆಸುಗೆಯೇ ಸರಿ. ಗಾಡಿಯಲ್ಲಿ ಮಾತ್ರ ಬೆಸುಗೆಯ ಸೀಸವು ಎಳೆಗಳ ನಡುವೆ ಹರಿದು ಎಲ್ಲಿ ನಿಲ್ಲುವುದೋ ಅಲ್ಲಿ ತಂತಿ ಗಡುಸಾಗಿ, ಗಡುಸು ಮತ್ತು ಮೆದು ಭಾಗಗಳು ಸೇರುವ ಆ ಜಾಗದಲ್ಲಿಯೇ ಅಲುಗಾಟದಿಂದ ಮುರಿಯುವುದು. ಬೆಸುಗೆಯ ಹೊರತು ಬೇರೆ ಸಾಧನವಿಲ್ಲದ ಪಕ್ಷಕ್ಕೆ, ಸಂದಿನ ಎರಡು ಕಡೆಯಲ್ಲಿಯೂ ತಂತಿಯನ್ನು ಅಲುಗದಂತೆ ಪಟ್ಟಿಯಿಂದ ಬಿಗಿದರೆ ಬಹುಮಟ್ಟಿಗೆ ಬಾಳಿಕೆ ಬರುವುದು. ಎಳೆಗಳನ್ನು ಬರಿದೆ ಹೊಸೆದು ಟೇಪು ಸುತ್ತುವ ಪದ್ಧತಿಯನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಬೇಸಗೆಯ ಬಿಸಿಗೆ ಟೇಪಿನ ಅಂಟು ಕರಗಿ ಜಾರುವುದನ್ನು ನೋಡದವರಿಲ್ಲ.

ಸ್ಲೀವನ್ನು ಸಂದಿನ ಮೇಲಕ್ಕೆ ಸರಿಸಿ ಬಿಸಿಗಾಳಿಯ ಸಾಧನದಿಂದ ಕಾಯಿಸಿದರೆ ಅದು ಕುಗ್ಗಿ ಅಪ್ಪಿಕೊಳ್ಳುವುದು. ಒಳಗಡೆ ಅಂಟು ಇರುವ ಬಗೆಯದನ್ನು ತಂದರೆ ನೀರೂ ಒಳಗೆ ಇಳಿಯದು. ಕಪ್ಲರನ್ನು ಕೂಡಿಸುವಾಗ ಕೊಂಡಿ ಟಕ್ಕೆಂದು ಕೂರುವ ಸಪ್ಪಳವಾಗಬೇಕು. ತಂತಿಗಳನ್ನು ಎಂಜಿನ್ನಿನ ಬಿಸಿ ಕೊಳವೆಗೂ ತಿರುಗುವ ಪಂಕಕ್ಕೂ ದೂರವಾಗಿ, ಹರಿತವಾದ ತಗಡಿನ ಅಂಚಿಗೆ ಉಜ್ಜದಂತೆ ಕಟ್ಟಿ, ಎಲ್ಲಕ್ಕೂ ಕೊನೆಯಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕೂಡಿಸತಕ್ಕದ್ದು. ಮೇಲೆ ಹೇಳಿದ ವೋಲ್ಟಿನ ಪರೀಕ್ಷೆಯನ್ನು ಈಗ ಮತ್ತೊಮ್ಮೆ ಮಾಡಿದರೆ ಕೆಲಸದ ಗುಣ ಗೊತ್ತಾಗುವುದು. ಫ್ಯೂಸು ಸುಟ್ಟಿದ್ದರೆ ಮೊದಲಿದ್ದ ಆಂಪಿಯರಿನದನ್ನೇ ಹಾಕಬೇಕು. ಫ್ಯೂಸಿನ ಜಾಗಕ್ಕೆ ತಂತಿಯ ತುಂಡನ್ನೋ ಸಿಗರೇಟಿನ ತಗಡು ಕಾಗದವನ್ನೋ ಸಿಕ್ಕಿಸುವುದು ಮನೆಗೆ ಕೊಳ್ಳಿಯಿಡುವ ಕೆಲಸ.

ಈ ರಿಪೇರಿಯನ್ನು ಯಾವ ಕಪ್ಲರಿಗೂ ಮಾಡಬಹುದೆಂದು ತಿಳಿಯಬಾರದು. ಹಳದಿ ಬಣ್ಣದ ಕಪ್ಲರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳ ಮೇಲೆ ಪರೀಕ್ಷೆಯ ದೀಪವನ್ನು ಇಟ್ಟ ಮಾತ್ರಕ್ಕೇ ಚೀಲ ಸಿಡಿದು ಮುಖಕ್ಕೆ ಹೊಡೆಯಬಹುದು. ವಿದ್ಯುತ್ತಿನಿಂದಲೇ ಓಡುವ ಹೊಸ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುವುವು. ಅವುಗಳಲ್ಲಿ ನೂರಾರು ವೋಲ್ಟುಗಳ ಒತ್ತಡವಿದ್ದು ಮುಟ್ಟಿದವರ ಪ್ರಾಣಕ್ಕೇ ಅಪಾಯ. ಎಂಜಿನ್ನನ್ನೂ ಬ್ರೇಕನ್ನೂ ನಿಯಂತ್ರಿಸುವ ಪೆಟ್ಟಿಗೆಗಳ ಕಪ್ಲರುಗಳನ್ನು ಸಹ ತಿಳಿದವರಿಗೇ ಬಿಡುವುದು ಕ್ಷೇಮ. ದೀಪ, ಹಾರನ್ನು, ಒರಸುವ ಕಡ್ಡಿ ಇವುಗಳ ಮಟ್ಟಿಗೆ ಊರಿನ ಪಂಪುಸೆಟ್ಟು ಮೆಕ್ಯಾನಿಕ್ಕೇ ಸಾಕು.

ಕಾರಿನ ವಿಷಯ ಹೇಳಿದ ಮೇಲೆ ಟ್ರ್ಯಾಕ್ಟರಿನ ಟ್ರೈಲರನ್ನು ಬಿಡುವಂತಿಲ್ಲ. ಚನ್ನರಾಯಪಟ್ಟಣ ಹಾಸನಗಳ ಮೇಲೆ ಹಾಯುವ ಬೆಂಗಳೂರು ಮಂಗಳೂರು ಹೆದ್ದಾರಿಯಲ್ಲಿ ಹಿಂದಿನ ದೀಪವಿಲ್ಲದ ಟ್ರೈಲರನ್ನು ಕತ್ತಲಲ್ಲಿ ಎಳೆದುಕೊಂಡು ಹೋಗುವುದು ತನಗೂ ಹಿಂದೆ ಬರುವವರಿಗೂ ಮೃತ್ಯುವನ್ನು ಆಹ್ವಾನಿಸಿದಂತೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಇರುವುದು ಸಾಮಾನ್ಯವಾಗಿ ಏಳು ಕಡ್ಡಿಯ ಗುಂಡನೆಯ ಪ್ಲಗ್ಗು. ಇದರಲ್ಲಿ ೩ನೆಯ ಕಡ್ಡಿ ಅರ್ಥಿನದು. ಅನೇಕ ಟ್ರೈಲರುಗಳಲ್ಲಿ ಅರ್ಥ್ ತಂತಿಯನ್ನೇ ಎಳೆಯದೆ, ಕೊಕ್ಕೆಯ ಗೂಟದ ಮೂಲಕವೇ ವಿದ್ಯುತ್ತು ಹಿಂದಿರುಗಲಿ ಎಂದು ಬಿಟ್ಟಿರುವರು. ಗ್ರೀಸು ಮಣ್ಣು ಮೆತ್ತಿದ ಗೂಟದಲ್ಲಿ ವಿದ್ಯುತ್ತಿಗೆ ದಾರಿ ಸಿಗದೆ, ಅದು ಬೇರೆ ದೀಪದ ಮೂಲಕ ಸುತ್ತಿಬರುವುದು. ಆಗ ಬ್ರೇಕು ಒತ್ತಿದರೆ ಇಂಡಿಕೇಟರು ಮಿಣುಗುವಂಥ ವಿಚಿತ್ರಗಳು ತೋರುವುವು. ಇಂಥ ಕಡೆ ಬಲ್ಬು ಬದಲಾಯಿಸುತ್ತ ಕೂರುವುದು ವ್ಯರ್ಥ. ಪ್ಲಗ್ಗಿನ ಅರ್ಥ್ ಕಡ್ಡಿಯಿಂದ ಟ್ರೈಲರಿನ ಚೌಕಟ್ಟಿಗೆ ಬೇರೆ ತಂತಿಯನ್ನು ಎಳೆದು, ಬಣ್ಣವನ್ನು ಕೆರೆದು ಲೋಹ ಕಾಣುವಂತೆ ಮಾಡಿ ಬೋಲ್ಟಿನಿಂದ ಬಿಗಿದರೆ ಇವೆಲ್ಲ ಒಮ್ಮೆಗೇ ನಿಲ್ಲುವುವು. ಟ್ರೈಲರನ್ನು ಕಳಚಿದಾಗ ಪ್ಲಗ್ಗನ್ನು ನೆಲದ ಮೇಲೆ ಎಳೆದಾಡಲು ಬಿಡದೆ, ಬಾಯಿ ಕೆಳಮುಖವಾಗುವಂತೆ ಎತ್ತಿ ಸಿಕ್ಕಿಸತಕ್ಕದ್ದು.

ಇನ್ನು ಇಲಿಗಳು. ಸುಗ್ಗಿ ಮುಗಿದು ರಾಗಿ, ಕೊಬ್ಬರಿ, ಆಲೂಗೆಡ್ಡೆಗಳು ಮನೆಗೆ ಬಂದ ಕಾಲದಲ್ಲಿ ಹೊಲದ ಇಲಿ ಹೆಗ್ಗಣಗಳೂ ಅವುಗಳ ಹಿಂದೆಯೇ ಬರುವುವು. ಇಲಿಯ ಮುಂಬಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿಯದೆ ಅದಕ್ಕೆ ನಿರ್ವಾಹವಿಲ್ಲ. ಎರಡು ಮೂರು ದಿನ ನಿಂತ ಗಾಡಿಯ ಬಾನೆಟ್ಟಿನ ಒಳಭಾಗವು ಬೆಚ್ಚಗೂ ಮರೆಯಾಗಿಯೂ ಇರುವುದರಿಂದ ಅಲ್ಲಿ ಹುಲ್ಲು ಚಿಂದಿಗಳನ್ನು ತಂದು ಗೂಡು ಕಟ್ಟುವುದು, ಪಕ್ಕದ ತಂತಿಯನ್ನು ಕಡಿಯುವುದು. ಹೊದಿಕೆ ಹೋದ ತಂತಿ, ಪಕ್ಕದಲ್ಲಿಯೇ ಒಣಹುಲ್ಲು: ಬೆಂಕಿಗೆ ಬೇಕಾದುದೆಲ್ಲವನ್ನೂ ಇಲಿ ತಾನೇ ಒದಗಿಸಿದಂತಾಗುವುದು. ದಿನಗಟ್ಟಲೆ ನಿಂತಿದ್ದ ಗಾಡಿಯನ್ನು ಚಾಲನೆ ಮಾಡುವ ಮೊದಲು ಬಾನೆಟ್ಟನ್ನು ಎತ್ತಿ ನೋಡುವುದು ಇದಕ್ಕಾಗಿಯೇ. ಗಾಡಿ ನಿಲ್ಲುವ ಕೊಟ್ಟಿಗೆಯಲ್ಲಿ ಧಾನ್ಯದ ಚೀಲವನ್ನೂ ಹಿಂಡಿಯನ್ನೂ ಇಡಬಾರದು. ಹುಲ್ಲಿನ ಬಣವೆ ಸಾಕಷ್ಟು ದೂರದಲ್ಲಿರಬೇಕು. ಬಿಲಗಳನ್ನು ಗಾಜಿನ ಚೂರು ಸೇರಿಸಿದ ಗಾರೆಯಿಂದ ಮುಚ್ಚಿ, ಗೋಡೆಯ ಬುಡದಲ್ಲಿ ಇಲಿಬೋನುಗಳನ್ನು ಇಡಬೇಕು. ವಿಷವಿಡಲೇಬೇಕಾದಲ್ಲಿ ಶೇಕಡ ೦.೦೦೫ ಪಾಲಿನ ಬ್ರೊಮಾಡಯೊಲೋನ್ ಬಿಲ್ಲೆಗಳನ್ನು ಮಕ್ಕಳಿಗೂ ಕೋಳಿ ನಾಯಿಗಳಿಗೂ ಎಟುಕದಂತೆ ಮುಚ್ಚಿದ ಡಬ್ಬಿಯಲ್ಲಿ ಕಿಂಡಿ ಮಾಡಿ ಇಟ್ಟು, ಸತ್ತ ಇಲಿಗಳನ್ನು ಆಯಾ ದಿನವೇ ಆಳವಾಗಿ ಹೂಳತಕ್ಕದ್ದು. ಬಾನೆಟ್ಟಿನ ಒಳಗೆ ಮಾತ್ರ ವಿಷವನ್ನು ಇಡಕೂಡದು. ಇಲಿ ಅಲ್ಲಿಯೇ ಸತ್ತರೆ ಅದನ್ನು ಹುಡುಕಿ ತೆಗೆಯುವುದಕ್ಕೆ ಅರ್ಧ ಗಾಡಿಯನ್ನು ಬಿಚ್ಚಬೇಕಾಗುವುದು.